ಮೂಕ ‘ಇ’ಯ ತರಲೆ

ನಿಮ್ಮ ಭಾಷೆಯಲ್ಲಿ ಎಲ್ಲಕ್ಕಿಂತ ಉದ್ದದ ಪದ ಯಾವುದು ಅಂತ ಫ್ರೆಂಚರನ್ನು ಕೇಳಿದರೆ ಥಟ್ಟನೆ ಒಂದನ್ನು ಹೇಳುತ್ತಾರೆ: ಆಂತಿಕೋಂಸ್ತಿತ್ಯುಸ್ಯೊನೆಲ್‌ಮಾಂ. ಸಂವಿಧಾನಕ್ಕೆ ವಿರುದ್ಧವಾಗಿ ಎಂದರ್ಥ. ಬರೆದರೆ 25 ಅಕ್ಷರ. ವಿಜ್ಞಾನದವರ ಬಳಿ ಇನ್ನೂ ಉದ್ದದ್ದು ಇವೆ, ಆದರೂ ಮರ್ಯಾದೆ ಇದಕ್ಕೇ.

ಕಣ್ಣಿಗೆ ಭಯಂಕರ. ಬಾಯಿಗೆ ಅಷ್ಟೇನೂ ಕಷ್ಟವಿಲ್ಲ. ಆಂ-ತಿ-ಕೋಂಸ್-ತಿ-ತ್ಯು-ಸ್ಯೊ-ನೆಲ್-ಮಾಂ. ಎಂಟು ತುಂಡು. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಪಾಲು. ನಾವು ಮ-ನೆ, ಹ-ಸು ಅಂತ ಒಡೆಯುವುದೂ ಹಾಗೇ ಅಲ್ವಾ? ಎಲ್ಲ ತುಂಡುಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹೇಳಿ, ಕೊನೆಯದನ್ನು ಮಾತ್ರ ತುಸು ಎಳೆದರೆ ಸಾಕು. ಇಂಗ್ಲಿಷಿನ ಅಭ್ಯಾಸಕ್ಕೆ ನಡುವೆ ಎಲ್ಲೋ ಒತ್ತಿದರೆ ಕೆಟ್ಟಿತು. (‘ತ್ಯು’ ಅಂತ ಬರೆದದ್ದು ಬೇರೆ ದಾರಿಯಿಲ್ಲದೆ. ತುಟಿ ‘ಉ’ಗೆ ದುಂಡಗಿರಬೇಕು, ನಾಲಿಗೆ ‘ಇ’ ಅನ್ನಬೇಕು.)

ಎಂಟು ಅಂದೆ. ಕಾಗದದ ಮೇಲೆ ಒಂಬತ್ತಿವೆ. ‘ನೆಲ್’ಗೂ ‘ಮಾಂ’ಗೂ ನಡುವೆ ಇದ್ದ ‘ಲೆ’ಯನ್ನು ನುಂಗಿದ್ದಾಯಿತು. ರೋಮನ್ ಲಿಪಿಯ ‘ಇ’ (e) ಅಕ್ಷರ ಮಾಡುವ ತರಲೆ ಇದು. ಫ್ರೆಂಚರು ಅದನ್ನು ಮೂಕ ‘ಇ’ ಅನ್ನುತ್ತಾರೆ. ಹೆಸರಿಗೆ ಮೂಕ, ಮನಸ್ಸು ಬಂದಾಗ ಮಾತಾಡುತ್ತದೆ. ಬ್ರೆಡ್ ಅಂಗಡಿಗೆ ಅವರು ಬರೆಯುವುದು ಬು-ಲಾಂ-ಜೆ-ರಿ. ಪ್ಯಾರಿಸ್ಸಿನ ಬಾಯಲ್ಲಿ ಅದು ಬುಲಾಂಜ್ರಿ, ಮೂರೇ ತುಂಡು. ದಕ್ಷಿಣ ಫ್ರಾನ್ಸಿನ ಮಾರ್ಸೇಲ್ಸ್ ಕಡೆ ಹೋದರೆ ನಾಲ್ಕೂ ಕೇಳಿಸುತ್ತವೆ. ಶನಿವಾರ ಪ್ಯಾರಿಸ್ಸಿಗೆ ಸಾಮ್ದಿ, ಅಲ್ಲಿಗೆ ಸಾಮೆದಿ. ಪದದ ಕೊನೆಗೆ ಬಂದ ‘ಇ’ಯನ್ನೂ ಆ ಕಡೆಯವರು ಸುಮ್ನೆ ಬಿಡುವುದಿಲ್ಲ. ನನ್ನ ವೋಟು ಅವರಿಗೇ. ಬಸ್ಸು, ಕಾರು, ಪೆನ್ನು ಅಂತ ಪ್ರತಿ ಪದಕ್ಕೂ ಬಾಲ ಕಟ್ಟುವ ನಮ್ಮ ನಾಲಿಗೆಗೆ ಮಾರ್ಸೇಲ್ಸ್ ನೆಂಟರ ಮನೆ ಇದ್ದಂತೆ.

ಪ್ಯಾರಿಸ್ಸಿನವರು ನಕ್ಕರೂ ನಗಲಿ. ಅವರ ಹಳೆಯ ಕಾವ್ಯ ಮಾರ್ಸೇಲ್ಸಿನ ಪಕ್ಷ. ಅಲೆಕ್ಸಾಂದ್ರೇಂ ಎಂಬ ಛಂದಸ್ಸಿನಲ್ಲಿ ಸಾಲಿಗೆ 12 ತುಂಡು. ಮೂಕ ‘ಇ’ ಆದಮೇಲೆ ವ್ಯಂಜನ ಬಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂದಿನ ಪದ ಸ್ವರದಿಂದ ಶುರುವಾದರೆ, ಇಲ್ಲವೇ ಸಾಲೇ ಮುಗಿದರೆ, ವಿನಾಯಿತಿ. ಹೀಗಾಗಿ ಬೆಳಿಗ್ಗೆ ಬುಲಾಂಜ್ರಿಗೆ ಹೋಗಿ ಬಂದ ಪ್ಯಾರಿಸ್ಸಿನ ನಟ, ಸಂಜೆ ಹಳೆಯ ನಾಟಕದ ಸಾಲು ಹೇಳುವಾಗ ನುಂಗುವ ಚಟವನ್ನು ಬಿಡಲೇಬೇಕು. ಒಂದು ‘ಇ’ ತಿಂದರೂ ಸಾಲು ಹನ್ನೊಂದಕ್ಕೇ ಕುಂಟುತ್ತದೆ.