ಸತ್ಯಾಂಶ: ‘ಹೌದು’ ಅಂದ ಮಾತ್ರಕ್ಕೆ ಖಾತೆ ಖಾಲಿಯಾಗುವುದಿಲ್ಲ

ಡೊಂಬಿವಲಿಯ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಗೆ ‘ಹೌದು’ ಅಂದರೆ ಸಾಕು, ಎಐ ನಿಮ್ಮ ದನಿ ಕದ್ದು ಬ್ಯಾಂಕ್ ಖಾತೆ ಬರಿದು ಮಾಡುತ್ತದಂತೆ.

ಇದು ಸುಳ್ಳು. ಬರೀ ದನಿ ಕೇಳಿ ಬ್ಯಾಂಕು ದುಡ್ಡು ಬಿಡುವುದಿಲ್ಲ, ಅದಕ್ಕೆ ನಿಮ್ಮ ಪಿನ್ನೋ ಓಟಿಪಿಯೋ ಬೇಕು.

ಹಾಗಂತ ದನಿ ನಕಲು ಸುಳ್ಳಲ್ಲ. ಕೆಲವೇ ಸೆಕೆಂಡಿನ ರೆಕಾರ್ಡಿಂಗ್ ಸಿಕ್ಕರೂ ಎಐ ಅದೇ ದನಿಯಲ್ಲಿ ಬೇರೆ ಮಾತು ಆಡಿಸುತ್ತದೆ. ಪುಣೆಯಲ್ಲಿ ಓದುವ ಮಗನದೇ ದನಿ, ‘ಅಮ್ಮಾ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಹಾಕು’ ಅಂತ ಅಳುತ್ತಿದ್ದರೆ ಯಾವ ತಾಯಿಗೆ ಕೈಕಾಲು ಆಡುತ್ತದೆ ಹೇಳಿ? ಆಗ ಪಿನ್ ಒತ್ತುವುದು ನಾವೇ ಅಲ್ವಾ, ನನಗೆ ಭಯ ಇರುವುದು ಇಲ್ಲೇ. ಫೋನ್ ಕಟ್ ಮಾಡಿ, ನಿಮ್ಮ ಹತ್ತಿರ ಮೊದಲಿಂದ ಇರುವ ಮಗನ ನಂಬರಿಗೆ ನೀವೇ ಕರೆ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.