ಹೌಸ್‌ಮನ್ ಶ್ರಾಪ್‌ಶೈರ್‌ನವರಲ್ಲ, ಓದು ಬಿಟ್ಟವರೂ ಅಲ್ಲ

ಇಂಗ್ಲಿಷ್ ಕವಿ ಎ. ಇ. ಹೌಸ್‌ಮನ್ ಬಗ್ಗೆ ಒಂದು ಪೋಸ್ಟ್ ಓಡಾಡುತ್ತಿದೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ಹಳ್ಳಿ ಹುಡುಗ, ಆಕ್ಸ್‌ಫರ್ಡ್‌ನಲ್ಲಿ ಫೇಲಾಗಿ ಓದು ಬಿಟ್ಟು ಬರೀ ಕವಿತೆ ಬರೆದ ಅಂತ. ಇದರಲ್ಲಿ ನಿಜ ಇರೋದು ಫೇಲಾದದ್ದು ಮಾತ್ರ.

1859ರಲ್ಲಿ ಅವರು ಹುಟ್ಟಿದ್ದು ಪಕ್ಕದ ವೂಸ್ಟರ್‌ಶೈರ್‌ನಲ್ಲಿ, ಬ್ರಾಮ್ಸ್‌ಗ್ರೋವ್ ಹತ್ತಿರ. ಶ್ರಾಪ್‌ಶೈರ್ ಅಂದರೆ ಅವರಿಗೆ ಪಡುವಣದಲ್ಲಿ, ಸೂರ್ಯ ಮುಳುಗುವ ಕಡೆ ಕಾಣುತ್ತಿದ್ದ ಬೆಟ್ಟಸಾಲು. ಅದಕ್ಕೇ ಇರಬೇಕು, 1896ರ ಅವರ ಕವನ ಸಂಕಲನ 'ಎ ಶ್ರಾಪ್‌ಶೈರ್ ಲ್ಯಾಡ್'ನಲ್ಲಿ ಅಲ್ಲಿನ ಹ್ಯೂಲಿ ಹಳ್ಳಿಯ ಚರ್ಚಿನ ಎತ್ತರದ ಗೋಪುರ ದೂರಕ್ಕೇ ಹೊಳೆಯುತ್ತದೆ, ಆದರೆ ಅಲ್ಲಿಗೆ ಹೋಗಿ ನೋಡಿದರೆ ತಗ್ಗಿನಲ್ಲೊಂದು ಪುಟ್ಟ ಚರ್ಚು, ಗೋಪುರವೇ ಇಲ್ಲ!

ಓದು ಬಿಟ್ಟರು ಅನ್ನೋದಂತೂ ದೊಡ್ಡ ಅನ್ಯಾಯ. 1881ರಲ್ಲಿ ಫೇಲಾದ ಮೇಲೆ ಲಂಡನ್ನಿನ ಪೇಟೆಂಟ್ ಆಫೀಸಿನಲ್ಲಿ ಹತ್ತು ವರ್ಷ ಗುಮಾಸ್ತಿಕೆ ಮಾಡಿದರು, ಸಂಜೆಯಾದರೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಲ್ಯಾಟಿನ್, ಗ್ರೀಕ್ ಓದಿ ಲೇಖನ ಬರೆದರು. ಅದರ ಬಲದಿಂದಲೇ 1892ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಲ್ಯಾಟಿನ್ ಪ್ರೊಫೆಸರ್ ಆದರು, 1911ರಲ್ಲಿ ಕೇಂಬ್ರಿಡ್ಜ್‌ಗೆ ಹೋದರು. ಮನಿಲಿಯಸ್ ಅನ್ನೋ ರೋಮನ್ ಕವಿಯ ಕೃತಿ ಸಂಪಾದನೆಗೇ 1903ರಿಂದ 1930ರವರೆಗೆ ಐದು ಸಂಪುಟ! ಹಾಗೆ ದುಡಿದವರನ್ನು ಓದು ಬಿಟ್ಟವರು ಅನ್ನಬಹುದಾ?

1936ರಲ್ಲಿ ತೀರಿಕೊಂಡರು. ಚಿತಾಭಸ್ಮ ಮಾತ್ರ ಶ್ರಾಪ್‌ಶೈರ್‌ನ ಲಡ್ಲೊ ಊರಿನ ಚರ್ಚಿನ ಅಂಗಳದಲ್ಲಿದೆ. ಗೊಂದಲ ಅಲ್ಲಿಂದಲೂ ಹುಟ್ಟಿರಬಹುದು.