ಚಿಲಕಕ್ಕೆ ಕರೆಂಟ್ ಬಂತು!

ಹೊಸ ಫ್ರಿಜ್ ಬಂದ ಖುಷಿ ಸಂಜೆವರೆಗೂ ಉಳೀಲಿಲ್ಲ. ಅದರ ಜೊತೆ ಬಂದ ಥರ್ಮಾಕೋಲನ್ನ ನನ್ನ ಮಗ ಸ್ಕೂಲ್ ಪ್ರಾಜೆಕ್ಟ್‌ಗೆ ಅಂತ ಹಾಲ್ ಮಧ್ಯ ಕೂತ್ಕೊಂಡು ಚಾಕುನಲ್ಲಿ ಕುಯ್ದ. ಮೊದಲೇ ಬೆಂಗಳೂರಿನ ಫೆಬ್ರವರಿ, ತುಟಿ ಒಡೆಯೋ ಒಣ ಹವೆ. ಪ್ಲಾಸ್ಟಿಕ್ ಪೊರಕೆ ತಗೊಂಡು ಗುಡಿಸಿದ್ರೆ ಆ ಬಿಳಿ ಕಾಳುಗಳು ಪೊರಕೆಗೇ ಅಂಟ್ಕೊಂಡ್ವು, ಕೊಡವಿದ್ರೆ ಸೀರೆಗೆ, ಸೀರೆಯಿಂದ ಬಿಡಿಸಿದ್ರೆ ಬೆರಳಿಗೆ, ಬೆರಳಿಂದ ಊದಿದ್ರೆ ಸೀದಾ ಹೋಗಿ ಮಾವನ ಮೀಸೆಗೆ, ಉಳಿದಿದ್ದು ಗೋಡೆಗೆ.

ತಮಾಷೆ ಏನಂದ್ರೆ ಇಷ್ಟೆಲ್ಲಾ ರಂಪ ಮಾಡೋ ಸ್ಟ್ಯಾಟಿಕ್ ಕರೆಂಟು, ಅಂದ್ರೆ ಹರೀದೆ ವಸ್ತು ಮೇಲೇ ಕೂತಿರೋ ಚಾರ್ಜ್, ಹೊಸದಾಗಿ ಎಲ್ಲೂ ಹುಟ್ಟಿರಲ್ಲ. ಎರಡು ವಸ್ತು ಉಜ್ಜಿದಾಗ ಒಂದರ ಎಲೆಕ್ಟ್ರಾನ್ ಇನ್ನೊಂದಕ್ಕೆ ಹೋಗುತ್ತೆ, ಪಡ್ಕೊಂಡಿದ್ದು ಮೈನಸ್, ಕಳ್ಕೊಂಡಿದ್ದು ಪ್ಲಸ್, ಒಟ್ಟು ಲೆಕ್ಕ ಮೊದಲಿದ್ದಷ್ಟೇ. ಥರ್ಮಾಕೋಲ್ ಸಾಮಾನ್ಯವಾಗಿ ಕಸ್ಕೊಳ್ಳೋ ಪಾರ್ಟಿ. (ಓಡಾಡೋದು ಎಲೆಕ್ಟ್ರಾನು, ಆದ್ರೂ ಅದಕ್ಕೇ ಮೈನಸ್ ಅನ್ನೋ ಹಣೆಪಟ್ಟಿ! ಪ್ಲಸ್ಸು ಮೈನಸ್ಸು ಅಂತ ಹೆಸರಿಟ್ಟ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಕಾಲಕ್ಕೆ ಎಲೆಕ್ಟ್ರಾನ್ ಇದೆ ಅಂತ್ಲೇ ಯಾರಿಗೂ ಗೊತ್ತಿರ್ಲಿಲ್ಲ, ಅದು ಪತ್ತೆ ಆಗಿದ್ದು 1897ರಲ್ಲಿ. ಪಾಪ, ಪಿಯುಸಿ ಮಕ್ಕಳು ಇವತ್ತಿಗೂ ಕರೆಂಟ್ ಒಂದು ಕಡೆ, ಎಲೆಕ್ಟ್ರಾನ್ ಇನ್ನೊಂದು ಕಡೆ ಅಂತ ಒದ್ದಾಡ್ತಾವೆ.)

ಸರಿ, ಗೋಡೆನ ಯಾರೂ ಉಜ್ಜಿಲ್ವಲ್ಲ, ಅದಕ್ಕ್ಯಾಕೆ ಅಂಟ್ಕೊಳ್ತು ಅಂದ ಮಗ. ಒಳ್ಳೇ ಪ್ರಶ್ನೆ. ಮೈನಸ್ ಕಾಳು ಹತ್ರ ಬಂದ ತಕ್ಷಣ ಗೋಡೆಯ ಅಣುಗಳೊಳಗಿನ ಎಲೆಕ್ಟ್ರಾನ್‌ಗಳು ಒಂಚೂರೇ ಚೂರು ಹಿಂದೆ ಸರೀತವೆ, ಕಾಳಿನ ಕಡೆಗೆ ಪ್ಲಸ್ ಮುಖ ಬರುತ್ತೆ, ಆಕಡೆಗೆ ಮೈನಸ್. ಇನ್ನು ಫ್ರಾನ್ಸಿನ ವಿಜ್ಞಾನಿ ಕೂಲಂಬ್ 1785ರಲ್ಲಿ ತಿರುಚು ತಕ್ಕಡಿ (ಸಣ್ಣ ತಂತಿ ಎಷ್ಟು ತಿರುಚಿತು ಅಂತ ನೋಡಿ ಬಲ ಅಳೆಯೋದು) ಇಟ್ಕೊಂಡು ತೋರಿಸಿದ್ದೇನಂದ್ರೆ, ಚಾರ್ಜುಗಳ ಮಧ್ಯದ ದೂರ ಎರಡು ಪಟ್ಟಾದ್ರೆ ಬಲ ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಹತ್ರದ ಸೆಳೆತ ದೂರದ ತಳ್ಳಾಟಕ್ಕಿಂತ ಸ್ವಲ್ಪ ಜಾಸ್ತಿ, ಆ ಸ್ವಲ್ಪವೇ ಸಾಕು, ಇಡೀ ಭೂಮಿ ಕೆಳಕ್ಕೆ ಎಳೀತಾ ಇದ್ರೂ ಕಾಳು ಗೋಡೆ ಬಿಡಲ್ಲ. ಅತ್ತೆ ಇದನ್ನೆಲ್ಲ ಕೇಳಿಸ್ಕೊಂಡು "ಆಯ್ತಮ್ಮ, ಒದ್ದೆ ಬಟ್ಟೆ ತಗೊಂಡ್ ಒರೆಸು" ಅಂದ್ರು. ಒರೆಸಿದೆ, ಎಲ್ಲಾ ತೆಪ್ಪಗೆ ಬಂದ್ವು. ನೀರಿನ ಪಸೆ ಇದ್ರೆ ಚಾರ್ಜ್ ನಿಲ್ಲಲ್ಲ, ಹರಿದು ಹೋಗುತ್ತೆ.

ಅಲ್ಲಿಗೆ ಮುಗೀತು ಅಂದ್ಕೊಂಡ್ರೆ, ಮಾರನೇ ದಿನ ಮಾವ ಪಾಲಿಯೆಸ್ಟರ್ ಹೊದಿಕೆ ಹಾಕಿದ್ದ ಸೋಫಾದಿಂದ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿದ್ದೇ "ಅಯ್ಯಯ್ಯೋ ಕರೆಂಟು!" ಅಂತ ಕೂಗಿದ್ರು. ಸ್ಟ್ಯಾಟಿಕ್ ಮಾವ, ಏನಾಗಲ್ಲ ಅಂದೆ, ಕೇಳ್ತಾರಾ? ಎಲೆಕ್ಟ್ರಿಷಿಯನ್ ಬಂದ. ಚಿಲಕಕ್ಕೆ ಟೆಸ್ಟರ್ ಇಟ್ಟ, ಹತ್ತಲಿಲ್ಲ. ಗೋಡೆಗಿಟ್ಟ, ಹತ್ತಲಿಲ್ಲ. "ಯಜಮಾನ್ರೇ, ಈ ಬಾಗಿಲಿಗೆ ವೈರೇ ಇಲ್ವಲ್ಲ" ಅಂದ, ವಿಸಿಟಿಂಗ್ ಚಾರ್ಜ್ ಅಂತ ದುಡ್ಡು ಕೇಳ್ದ. ಮಾವ ಸೋಫಾದಿಂದ ಎದ್ದು ನೋಟು ಕೊಡೋಕೆ ಹೋದ್ರು, ಬೆರಳಿಗೆ ಬೆರಳು ತಾಗಿ ಚಟ್ ಅಂತು. ಅವನು ಟೆಸ್ಟರ್ ಕೆಳಗೆ ಹಾಕಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

ಆ ಕಿಡಿ ನಮ್ಮ ಚರ್ಮಕ್ಕೆ ಗೊತ್ತಾಗ್ಬೇಕು ಅಂದ್ರೇನೇ ಸುಮಾರು 3000 ವೋಲ್ಟ್ ಇರ್ಬೇಕು, ಮನೆ ಪ್ಲಗ್‌ನಲ್ಲಿರೋದು ಬರೀ 230. ಆದ್ರೂ ಮಾವ ಗಟ್ಟಿಮುಟ್ಟಾಗಿದ್ದಾರೆ, ಯಾಕಂದ್ರೆ ಮೈಮೇಲೆ ಕೂತಿರೋ ಚಾರ್ಜು (ಅದನ್ನ ಅಳೆಯೋದು ಅದೇ ಕೂಲಂಬ್ ಹೆಸರಿನ ಅಳತೆಯಲ್ಲಿ) ಒಂದು ಕೂಲಂಬ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು, ಕಣ್ಣು ಮಿಟುಕಿಸೋ ಮೊದ್ಲೇ ಖಾಲಿ. ನಿಜವಾಗ್ಲೂ ಒಂದೊಂದು ಕೂಲಂಬ್ ಚಾರ್ಜನ್ನ ಒಂದು ಮೀಟರ್ ದೂರದಲ್ಲಿ ಇಟ್ರೆ 900 ಕೋಟಿ ನ್ಯೂಟನ್ ಬಲದಲ್ಲಿ ತಳ್ಳಾಡ್ತವೆ, ಅಂದ್ರೆ ಸುಮಾರು 9 ಲಕ್ಷ ಟನ್ ತೂಕ. ಸೋಫಾ ಮಾತ್ರ ಅಲ್ಲ, ಬಿಲ್ಡಿಂಗೇ ಇರ್ತಿರ್ಲಿಲ್ಲ.

ಕೈಯಲ್ಲಿ ಬೀಗದ ಕೈ ಗಟ್ಟಿಯಾಗಿ ಹಿಡ್ಕೊಂಡು ಅದರ ತುದೀನ ಮೊದ್ಲು ಚಿಲಕಕ್ಕೆ ಮುಟ್ಟಿಸಿ, ಕಿಡಿ ಅಲ್ಲೇ ಹಾರುತ್ತೆ, ಬೆರಳಿಗೆ ಚುಚ್ಚಲ್ಲ ಅಂತ ಹೇಳಿಕೊಟ್ಟೆ. ಮಾವ ಈಗ ಲಿಫ್ಟು, ಗೇಟು, ಕಾರು ಎಲ್ಲದಕ್ಕೂ ಕೀ ಮುಟ್ಟಿಸಿಯೇ ಮುಂದಿನ ಹೆಜ್ಜೆ ಇಡೋದು. ಇದನ್ನ ದಿನಾ ನೋಡಿದ ಎದುರು ಮನೆ ಆಂಟಿ ಮೊನ್ನೆ ನನ್ನನ್ನ ಪಕ್ಕಕ್ಕೆ ಕರೆದು, ದೃಷ್ಟಿಗೆ ಒಳ್ಳೇದಂತಾ, ಯಾವ ಜೋಯಿಸರು ಹೇಳಿದ್ದು ಅಂತ ಕೇಳಿದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ಮಾವ ಹಿಂದಿನಿಂದ "ಫ್ರಾನ್ಸ್ ಕಡೆಯವರು, ಈಗಿಲ್ಲ" ಅಂದ್ಬಿಟ್ರು.